ಮಾವನವರ ವರದಿಯ ಕುರಿತು

ಎಲ್ಲರಿಗೂ ನಮಸ್ಕಾರ. ವಿರಾಜಪೇಟೆಯ ಮಾವನವರ ಬಯಾಪ್ಸಿ ವರದಿಯನ್ನು ನೋಡಿ, ಕಣ್ಣು ಹಳದಿಯಾಗದೆ ಪಿತ್ತನಾಳದ ಕ್ಯಾನ್ಸರ್ ಹೇಗೆ ಬಂತು, ನಾಳೆಯೇ ಕಿಮೋ ಆರಂಭಿಸಬಾರದೇ ಎಂದು ಕೇಳಿದ್ದೀರಿ. ಬರೆದರೆ ಮುಗಿಯದ ವಿಷಯವಾದ್ದರಿಂದ ಧ್ವನಿಯಲ್ಲೇ ಉತ್ತರಿಸುತ್ತಿದ್ದೇನೆ.

ನಮ್ಮ ತೋಟದ ಸಣ್ಣ ತೋಡುಗಳೆಲ್ಲ ಕೂಡಿ ಹೊಳೆಗೆ ಸೇರುವಂತೆ, ಯಕೃತ್ತಿನೊಳಗೆ ಪಿತ್ತ ಹರಿಯುವ ಕವಲು ನಾಳಗಳು ಎಡ ಬಲ ಎಂಬ ಎರಡು ದೊಡ್ಡ ನಾಳಗಳಾಗಿ, ಕೊನೆಗೆ ಒಂದಾಗಿ ಕರುಳಿಗೆ ಇಳಿಯುತ್ತವೆ. ಗಡ್ಡೆ ಆ ಕೂಡುವ ಜಾಗದಲ್ಲಿದ್ದರೆ ಪಿತ್ತ ಕಟ್ಟಿಕೊಂಡು ಕಾಮಾಲೆ ಬೇಗ ಕಾಣಿಸುತ್ತದೆ; ಮಾವನವರಿಗಿರುವಂತೆ ಒಳಗಿನ ಕವಲಿನಲ್ಲಿದ್ದರೆ, ಉಳಿದ ಕವಲುಗಳಲ್ಲಿ ಪಿತ್ತ ಹರಿಯುತ್ತಲೇ ಇರುವುದರಿಂದ ಬಹುಕಾಲ ಏನೂ ತೋರುವುದಿಲ್ಲ. ಯಕೃತ್ತಿನ ಜೀವಕೋಶಗಳಲ್ಲೇ ಹುಟ್ಟುವ, ಹೆಚ್ಚು ಜನರಿಗೆ ಗೊತ್ತಿರುವ ಲಿವರ್ ಕ್ಯಾನ್ಸರಿಗೂ ಇದಕ್ಕೂ ಔಷಧ ಬೇರೆ. ಕುಡಿತದಿಂದ ಬಂತೇ ಎಂದು ದಯವಿಟ್ಟು ಅವರನ್ನು ಯಾರೂ ಕೇಳಬೇಡಿ, ಅನೇಕರಲ್ಲಿ ಕಾರಣವೇ ತಿಳಿಯುವುದಿಲ್ಲ.

ಗುಣವಾಗುವ ನಿಜವಾದ ಅವಕಾಶ ಇರುವುದು ಗಡ್ಡೆಯನ್ನು ಪೂರ್ತಿ ತೆಗೆಯುವ ಶಸ್ತ್ರಚಿಕಿತ್ಸೆಯಲ್ಲಿ. ಅದು ಸಾಧ್ಯವೇ ಎಂಬುದನ್ನು ಯಕೃತ್ತು ಮತ್ತು ಪಿತ್ತನಾಳದ ಶಸ್ತ್ರಚಿಕಿತ್ಸೆಯನ್ನೇ ನಿತ್ಯ ಮಾಡುವ ತಜ್ಞರು ನಿರ್ಧರಿಸಬೇಕು, ಏಕೆಂದರೆ ಉಳಿಯುವ ಭಾಗ ಚಿಕ್ಕದೆನಿಸಿದರೂ, ರೋಗ ಬಂದ ಭಾಗಕ್ಕೆ ಹೋಗುವ ರಕ್ತವನ್ನು ತಡೆದು, ಒಳ್ಳೆಯ ಭಾಗ ಕೆಲವು ವಾರಗಳಲ್ಲಿ ಬೆಳೆಯುವಂತೆ ಮಾಡುವ ವಿಧಾನ ಅವರ ಬಳಿ ಇದೆ. ಆದ್ದರಿಂದ ಕಿಮೋಗೆ ಮೊದಲು ಆ ಅಭಿಪ್ರಾಯ ಬೇಕೇ ಬೇಕು. ಶಸ್ತ್ರಚಿಕಿತ್ಸೆ ಆಗದಿದ್ದರೆ ಜೆಮ್ಸಿಟಬಿನ್ ಮತ್ತು ಸಿಸ್‌ಪ್ಲಾಟಿನ್ ಎಂಬ ಕಿಮೋ ಔಷಧಗಳ ಜೊತೆಗೆ, ದೇಹದ ರೋಗನಿರೋಧಕ ಶಕ್ತಿಯೇ ಕ್ಯಾನ್ಸರಿನೊಡನೆ ಹೋರಾಡುವಂತೆ ಮಾಡುವ ಇಮ್ಯುನೋಥೆರಪಿ ಕೊಡುತ್ತಾರೆ. ಬಯಾಪ್ಸಿಯ ತುಣುಕಿನಲ್ಲಿ ಎಫ್‌ಜಿಎಫ್‌ಆರ್2, ಐಡಿಎಚ್1 ಎಂಬ ಜೀನ್‌ಗಳಲ್ಲಿ ಬದಲಾವಣೆ ಸಿಕ್ಕರೆ ಅದಕ್ಕೆ ತಕ್ಕ ಮಾತ್ರೆಗಳೂ ಇವೆ. ಆ ಪರೀಕ್ಷೆಯನ್ನು ನಾವೇ ಕೇಳಿ ಪಡೆಯೋಣ.

ನಾಟಿ ಮದ್ದಿನ ಮಾತೂ ಬಂದಿದೆ. ನನ್ನ ಅಣ್ಣನಿಗೆ ಮೂತ್ರ ಕಡುಹಳದಿಯಾಗಿ, ಮಲ ಬಿಳಿಚಿಕೊಂಡಾಗ, ಅದು ಪಿತ್ತನಾಳ ಕಟ್ಟಿಕೊಂಡ ಲಕ್ಷಣವೆಂದು ತಿಳಿಯದೆ, ಸ್ಕ್ಯಾನ್ ಮಾಡಿಸದೆ ಕಾಮಾಲೆ ಮದ್ದು ಕೊಡಿಸುತ್ತಾ ಆರು ವಾರ ಕಳೆದೆವು. ಆ ಆರು ವಾರ ಇಂದಿಗೂ ನನ್ನ ನಿದ್ದೆ ಕೆಡಿಸುತ್ತವೆ.

ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋಗೋಣ. ಅಗತ್ಯವಾದರೆ ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಎರಡನೆಯ ಅಭಿಪ್ರಾಯ ಪಡೆಯೋಣ. ಸಿಟಿ ಸ್ಕ್ಯಾನ್‌ನ ಫಿಲ್ಮ್ ಮಾತ್ರ ಸಾಲದು, ಸಿಡಿ ಬೇಕು. ಬಯಾಪ್ಸಿಯ ಗಾಜಿನ ಸ್ಲೈಡ್ ಮತ್ತು ಆ ತುಣುಕನ್ನು ಹುದುಗಿಸಿಟ್ಟ ಮೇಣದ ಬ್ಲಾಕ್ ಕೂಡ ಬೇಕು. ಬಿಪಿಎಲ್ ಚೀಟಿ, ಆಧಾರ್ ಇಟ್ಟುಕೊಳ್ಳಿ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ನೆರವಿದೆ. ಸ್ಲೈಡುಗಳನ್ನು ನಾಳೆ ನಾನೇ ತರುತ್ತೇನೆ, ಮಾವನವರ ಜೊತೆ ಯಾರು ಬರುತ್ತೀರಿ ಎಂದು ಈ ರಾತ್ರಿಯೇ ತಿಳಿಸಿ.