ಮಗನನ್ನು ಠಾಣೆಗೆ ಕರೆದರೆ ಮೊದಲು ಸಾಲಿಸಿಟರ್

ಮೇಡಂ, ಇಲ್ಲಿ ಬ್ರಿಟನ್‌ನಲ್ಲಿ ಪೊಲೀಸರು ಮಗನನ್ನು ಠಾಣೆಗೆ ಕರೆದಿದ್ದಾರೆ, ಏನು ಮಾಡಲಿ ಅಂತ ಕೇಳಿದ್ದೀರಿ. ಗಾಬರಿ ಮಾಡ್ಕೋಬೇಡಿ. ನಿಮ್ಮ 15 ವರ್ಷದ ಮಗನನ್ನು ಕರೆದಿರೋದು ವಾಲಂಟರಿ ಇಂಟರ್‌ವ್ಯೂಗೆ, ಅಂದರೆ ಬಂಧಿಸದೆ ಒಪ್ಪಿಗೆಯ ಮೇಲೆ ನಡೆಸೋ ವಿಚಾರಣೆಗೆ, ಇನ್ನೂ ಅರೆಸ್ಟ್ ಆಗಿಲ್ಲ. ಹಾಗಂತ "ಸುಮ್ನೆ ಸ್ವಲ್ಪ ಮಾತಾಡಬೇಕು ಅಷ್ಟೇ" ಅಂದ ಪೊಲೀಸರ ಮಾತನ್ನು ಹಗುರವಾಗಿ ತಗೋಬೇಡಿ. ಅಲ್ಲೂ ಕಾಷನ್, ಅಂದರೆ ಕಾನೂನಿನ ಎಚ್ಚರಿಕೆ, ಹೇಳ್ತಾರೆ, ರೆಕಾರ್ಡ್ ಮಾಡ್ತಾರೆ, ಅವನು ಆಡಿದ್ದೆಲ್ಲ ಸಾಕ್ಷ್ಯ ಆಗಬಹುದು.

ಇಲ್ಲಿ ಇಬ್ಬರು "ಬಾಯಿ ಬಿಡಬೇಡ ಅಂತ ಹೇಳಿ ಕಳಿಸಿ, ಸುಮ್ಮನಿರೋದು ಅವನ ಹಕ್ಕು" ಅಂದಿದ್ದಾರೆ. ಹಕ್ಕೇನೋ ನಿಜ. ಆದರೆ ಇಂಗ್ಲೆಂಡ್, ವೇಲ್ಸ್‌ನಲ್ಲಿ ಅದಕ್ಕೊಂದು ಬಾಲ ಇದೆ. 1994ರ ಕ್ರಿಮಿನಲ್ ಜಸ್ಟಿಸ್ ಅಂಡ್ ಪಬ್ಲಿಕ್ ಆರ್ಡರ್ ಕಾಯ್ದೆಯ 34ನೇ ಸೆಕ್ಷನ್ ಅದು. ಆ ಸಂಜೆ ಹುಡುಗ ಟ್ಯೂಷನ್‌ನಲ್ಲಿದ್ದ ಅನ್ಕೊಳ್ಳಿ. ಪೊಲೀಸರು ಕೇಳಿದಾಗ ತುಟಿ ಬಿಚ್ಚದೆ, ತಿಂಗಳುಗಳಾದ ಮೇಲೆ ಕೋರ್ಟ್‌ನಲ್ಲಿ ಟ್ಯೂಷನ್ ವಿಷಯ ತೆಗೆದರೆ, "ಅವತ್ತೇ ಯಾಕೆ ಹೇಳಲಿಲ್ಲ? ಆಮೇಲೆ ಕಟ್ಟಿದ ಕಥೆ ಇರಬೇಕು" ಅಂತ ಕೋರ್ಟ್ ಅನುಮಾನಿಸಬಹುದು. ಬರೀ ಮೌನ ನೋಡಿ ಶಿಕ್ಷೆ ಕೊಡೋ ಹಾಗಿಲ್ಲ, ಅಷ್ಟರಮಟ್ಟಿಗೆ ರಕ್ಷಣೆ ಇದೆ. ಸ್ಕಾಟ್ಲೆಂಡ್ ಕಾನೂನೇ ಬೇರೆ, ಗ್ಲಾಸ್ಗೋದಲ್ಲಿರೋ ನೆಂಟರ ಸಲಹೆ ಇಲ್ಲಿ ಆಗಿಬರಲ್ಲ.

ಹಾಗಾದರೆ ಹೇಳಬೇಕಾ, ಬೇಡವಾ? ಅದು ನಾವು ನೀವು ಇಲ್ಲಿ ಕೂತು ತೀರ್ಮಾನ ಮಾಡೋದಲ್ಲ, ಸಾಲಿಸಿಟರ್, ಅಂದರೆ ವಕೀಲರ ಕೆಲಸ. ಅವರು ಮೊದಲು ಪೊಲೀಸರ ಹತ್ತಿರ ಏನಿದೆ ಅಂತ ಕೇಳ್ತಾರೆ, ಆಮೇಲೆ ಹುಡುಗನ ಜೊತೆ ಗುಟ್ಟಾಗಿ ಮಾತಾಡ್ತಾರೆ. ಕೆಲವು ಸಲ ಮುಖ್ಯ ವಿಷಯವನ್ನು ಒಂದು ಹಾಳೆಯಲ್ಲಿ ಬರೆದು ಓದಿಸಿ, ಉಳಿದ ಪ್ರಶ್ನೆಗಳಿಗೆಲ್ಲ "ನೋ ಕಾಮೆಂಟ್" ಅನ್ನಿಸ್ತಾರೆ. ಇದಕ್ಕೆ ಒಂದು ಪೆನ್ನಿಯೂ ಖರ್ಚಿಲ್ಲ, ನಿಮ್ಮ ಸಂಬಳ ಎಷ್ಟಿದ್ದರೂ ಸರಿ. "ಲಾಯರ್ ಕರೆದರೆ ತಪ್ಪು ಒಪ್ಪಿಕೊಂಡ ಹಾಗೆ" ಅನ್ನೋದು ನಮ್ಮವರ ಹಳೇ ಭಯ, ಅದನ್ನು ಬಿಡಿ.

ಇನ್ನೊಂದು, ನನಗೆ ಇದೇ ಎಲ್ಲಕ್ಕಿಂತ ಮುಖ್ಯ ಅನಿಸುತ್ತೆ. 18 ತುಂಬದವರ ಜೊತೆ ಅಪ್ರೋಪ್ರಿಯೇಟ್ ಅಡಲ್ಟ್, ಅಂದರೆ ಅವರ ಹಿತ ನೋಡಿಕೊಳ್ಳೋ ದೊಡ್ಡವರೊಬ್ಬರು, ಇರಲೇಬೇಕು, ಸಾಮಾನ್ಯವಾಗಿ ಅಪ್ಪನೋ ಅಮ್ಮನೋ. ನಮ್ಮ ಅಪ್ಪಂದಿರಿಗೆ ಅಲ್ಲಿ ಕೂತು "ಹೇಳೋ, ಯಾಕೆ ಸುಮ್ನಿದ್ದೀಯ? ಸರ್ ಕೇಳ್ತಿದ್ದಾರಲ್ಲ!" ಅಂತ ಗದರಿಸೋ ಚಾಳಿ. ದಯವಿಟ್ಟು ನಿಮ್ಮ ಯಜಮಾನರಿಗೆ ಮೊದಲೇ ಹೇಳಿಡಿ. ಪ್ರಶ್ನೆ ಅರ್ಥವಾಗ್ತಿದೆಯಾ, ನ್ಯಾಯವಾಗಿ ನಡೀತಿದೆಯಾ ಅಂತ ನೋಡೋದಕ್ಕೆ ಅವರು ಅಲ್ಲಿರೋದು, ಉತ್ತರ ಹೊರಡಿಸೋದಕ್ಕಲ್ಲ. ಮಗ ಬೇಡ ಅಂದರೂ ನೀವು ಸಾಲಿಸಿಟರ್ ಬೇಕು ಅಂತ ಕೇಳಬಹುದು. ಮತ್ತೆ, ಸಾಲಿಸಿಟರ್ ಜೊತೆಗಿನ ಮಾತಿಗಿರುವ ಗೋಪ್ಯತೆಯ ರಕ್ಷಣೆ ನಿಮ್ಮ ಜೊತೆಗಿನ ಮಾತಿಗಿಲ್ಲ. ಅದಕ್ಕೇ ಠಾಣೆಯ ಕಾರಿಡಾರ್‌ನಲ್ಲಿ "ನಿಜ ಹೇಳು, ಏನಾಯ್ತು?" ಅಂತ ಶುರು ಮಾಡಬೇಡಿ.

ನಾಳೆ ಬೆಳಗ್ಗೆ ಮಗನನ್ನು ಕರೆದ ಪೊಲೀಸ್ ಅಧಿಕಾರಿಗೆ ಫೋನ್ ಮಾಡಿ, "ಸಾಲಿಸಿಟರ್ ಸಿಕ್ಕ ಮೇಲೆ ಬರ್ತೀವಿ, ಬೇಕಾದರೆ ದಿನ ಬದಲಾಯಿಸಿ" ಅನ್ನಿ.

ಕೆಳಗೆ ಸ್ಪೀಡ್ ಕ್ಯಾಮೆರಾ ನೋಟಿಸ್ ಬಗ್ಗೆ ಕೇಳಿದವರಿಗೆ: ಅದರಲ್ಲಿ ಮೌನ ನಡೆಯಲ್ಲ ಸ್ವಾಮಿ. ಗಾಡಿ ಯಾರು ಓಡಿಸ್ತಿದ್ರು ಅಂತ ತಿಳಿಸದಿದ್ದರೆ ಅದೇ ಬೇರೆ ಅಪರಾಧ, ಫಾರ್ಮ್ 28 ದಿನದೊಳಗೆ ತುಂಬಿ ಕಳಿಸಿ.