ಪದಚರ್ಚೆ: ‘ಪಬ್ಲಿಕ್ ಅಡ್ಜಸ್ಟರ್’ಗೆ ಕನ್ನಡದಲ್ಲಿ ಏನನ್ನೋಣ? (ತುರ್ತು)

ಕರಡುಪ್ರತಿ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಟೆಕ್ಸಾಸಿನ ಕನ್ನಡದ ಮನೆಮಾಲೀಕರಿಗಾಗಿ ಎರಡು ಪುಟದ ಕರಪತ್ರವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮಕ್ಕಳ ಜೊತೆ ಅಲ್ಲಿ ನೆಲೆಸಿರುವ ಹಿರಿಯರೂ ಓದಬೇಕು. ಆಲಿಕಲ್ಲು ಬಿದ್ದು, ಚಂಡಮಾರುತ ಬೀಸಿ ಮನೆಗೆ ಪೆಟ್ಟಾದಾಗ ವಿಮಾ ಪರಿಹಾರ ಕೇಳುವುದು ಹೇಗೆ ಎಂಬುದು ವಿಷಯ. ‘ಪಬ್ಲಿಕ್ ಅಡ್ಜಸ್ಟರ್’ ಹನ್ನೊಂದು ಕಡೆ ಬಂದಿದೆ, ತಲೆಬರಹದಲ್ಲೂ ಇದೆ. ಯಂತ್ರಾನುವಾದ ‘ಸಾರ್ವಜನಿಕ ಹೊಂದಾಣಿಕೆದಾರ’ ಎಂದು ಕೊಟ್ಟಿತು. ಓದಿದರೆ ನಗು ಬರುತ್ತದೆ, ಅರ್ಥ ಬರುವುದಿಲ್ಲ.

ಸಂದರ್ಭ ಇಷ್ಟು: ಹಾನಿ ನೋಡಿ ವಿಮಾ ಪರಿಹಾರದ ಲೆಕ್ಕ ಹಾಕುವವರನ್ನು ಅಲ್ಲಿ ಅಡ್ಜಸ್ಟರ್ ಎನ್ನುತ್ತಾರೆ. ಮೂರು ಬಗೆಯ ಅಡ್ಜಸ್ಟರ್‌ಗಳಿದ್ದಾರೆ. ಒಬ್ಬರು ವಿಮಾ ಕಂಪನಿಯ ಸಂಬಳದವರು. ಇನ್ನೊಬ್ಬರು ‘ಇಂಡಿಪೆಂಡೆಂಟ್’ ಎನಿಸಿಕೊಂಡವರು, ಆದರೆ ಕಂಪನಿಯೇ ಗುತ್ತಿಗೆಗೆ ಕರೆಸಿ ಹಣ ಕೊಡುವವರು. ಮೂರನೆಯವರು ಈ ಪಬ್ಲಿಕ್ ಅಡ್ಜಸ್ಟರ್. ಇವರನ್ನು ನೇಮಿಸಿಕೊಳ್ಳುವುದೂ ಹಣ ಕೊಡುವುದೂ ಮನೆಯವರೇ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು.

ಎಳೆಗನ್ನಡ ಬರೆದದ್ದು:

ಕೇಡೆಣಿಗ. ಕೇಡು + ಎಣಿಗ. ಚಿಕ್ಕದು, ನಮ್ಮದು. ಇದಕ್ಕೆ ಚರ್ಚೆ ಯಾಕೆ?

ಷಟ್ಪದಿ ಬರೆದದ್ದು:

ಯಾಕೆಂದರೆ ಓದುಗರು ಅದನ್ನು ‘ಕೇಡಿಗ’ ಎಂದು ಓದಿ ಪೊಲೀಸರಿಗೆ ಫೋನ್ ಮಾಡುತ್ತಾರೆ.

ಮೊದಲು ಮೂಲ ಪದ ಏನೆಂದು ನೋಡೋಣ. ‘ಅಡ್ಜಸ್ಟ್’ನಲ್ಲಿ ‘ಜಸ್ಟ್’, ಅಂದರೆ ನ್ಯಾಯ, ಇದೆ ಎಂದುಕೊಂಡು ಹಿಂದೆ ಒಬ್ಬರು ಇಲ್ಲೇ ‘ನ್ಯಾಯನಿರ್ಣಾಯಕ’ ಎಂದಿದ್ದರು. ತಪ್ಪು. ಅದು ಹಳೆಯ ಫ್ರೆಂಚಿನಿಂದ ಬಂದದ್ದು, ಬೇರು ಲ್ಯಾಟಿನ್ನಿನ ‘ಯುಕ್ಸ್ತಾ’, ಅಂದರೆ ಪಕ್ಕ, ಹತ್ತಿರ. ‘ಯುಸ್ತುಸ್’ನ ನಂಟು ಆಮೇಲೆ ಜನ ಹಚ್ಚಿದ್ದು. ಎರಡನ್ನು ಪಕ್ಕಪಕ್ಕ ತರುವುದು ಮೂಲ ಅರ್ಥ. ಹಾಗಾಗಿ ‘ಹೊಂದಾಣಿಕೆ’ ನಿಘಂಟಿನ ಪ್ರಕಾರ ಸರಿಯೇ.

ಮಾಡುಹೆಂಚು ಬರೆದದ್ದು:

ನಿಘಂಟಿನ ಪ್ರಕಾರ ಸರಿ, ಕಿವಿಗೆ ತಪ್ಪು. ಕರ್ನಾಟಕದಲ್ಲಿ ‘ಹೊಂದಾಣಿಕೆ ರಾಜಕಾರಣ’ ಎಂದರೆ ಒಳಗೊಳಗೇ ಎದುರಾಳಿ ಜೊತೆ ಕೈಜೋಡಿಸಿದ್ದು. ‘ಸ್ವಲ್ಪ ಅಡ್ಜಸ್ಟ್ ಮಾಡಿ’ ಎಂದರೆ ನಿನ್ನ ಪಾಲಿನ ಜಾಗ ಬಿಟ್ಟುಕೊಡು ಎಂದು. ಮನೆಯವರ ಪರ ಕಂಪನಿ ಜೊತೆ ಗುದ್ದಾಡಬೇಕಾದವನಿಗೆ ‘ಹೊಂದಾಣಿಕೆದಾರ’ ಎಂಬ ಹೆಸರಿಟ್ಟರೆ ಯಾರು ನಂಬಿ ಸಹಿ ಹಾಕುತ್ತಾರೆ?

‘ಸಾರ್ವಜನಿಕ’ ಇನ್ನೂ ಅಪಾಯ. ಸಾರ್ವಜನಿಕ ಆಸ್ಪತ್ರೆ, ಸಾರ್ವಜನಿಕ ಗ್ರಂಥಾಲಯ ಎಂದು ಓದಿದ ಕಣ್ಣಿಗೆ ಇವನು ಸರ್ಕಾರ ಕಳಿಸಿದ ಮನುಷ್ಯ, ಬಿಟ್ಟಿ ಸೇವೆ ಎಂದೇ ಕಾಣುತ್ತದೆ. ಇವನು ಖಾಸಗಿ. ಲೈಸೆನ್ಸ್ ಮಾತ್ರ ರಾಜ್ಯದ ವಿಮಾ ಇಲಾಖೆಯದು. ಟೆಕ್ಸಾಸಿನಲ್ಲಿ ಇವನ ಫೀಸು ಕೊನೆಗೆ ಬಂದ ಪರಿಹಾರದ ಶೇಕಡಾ 10 ಮೀರಬಾರದು ಎಂದು ಕಾನೂನಿದೆ. ಫ್ಲಾರಿಡಾದಲ್ಲಿ ಸಾಮಾನ್ಯವಾಗಿ ಶೇಕಡಾ 20, ತುರ್ತುಸ್ಥಿತಿ ಘೋಷಿಸಿದ ವಿಕೋಪದ ಮೊದಲ ವರ್ಷದ ಕ್ಲೇಮಿಗೆ 10.

ಪದ ಬೇಕಾದರೆ ಅವನ ಕೆಲಸ ನೋಡಿ. ಪಾಲಿಸಿಯನ್ನು ಪೂರ್ತಿ ಓದುತ್ತಾನೆ, ಮುಖಪುಟದ ಮಿತಿಗಳನ್ನಷ್ಟೇ ಅಲ್ಲ, ಹಿಂದೆ ಅಂಟಿಸಿದ ತಿದ್ದುಪಡಿಗಳನ್ನೂ. ಮಾಡು ಹತ್ತುತ್ತಾನೆ, ಅಟ್ಟಕ್ಕೆ ನುಗ್ಗುತ್ತಾನೆ, ಗೋಡೆಗೆ ತೇವಮಾಪಕ ಹಿಡಿಯುತ್ತಾನೆ. ಆಮೇಲೆ ಸಾಲುಸಾಲಾಗಿ ಅಂದಾಜುಪಟ್ಟಿ ಬರೆಯುತ್ತಾನೆ. ಕಂಪನಿಯ ಪಟ್ಟಿಯಲ್ಲಿ ‘ಶಿಂಗಲ್ಸ್ (ಮಾಡಿನ ಹೊದಿಕೆ ಹಾಳೆ) ತೆಗೆದು ಹೊಸದು ಹಾಕುವುದು’ ಎಂದಿದ್ದರೆ ಅಂಚಿನ ತಗಡು, ಅಡಿಹಾಸು, ಮೊದಲ ಸಾಲಿನ ಪಟ್ಟಿ, ನೆತ್ತಿಯ ಮುಚ್ಚುಪಟ್ಟಿ, ಕೊಳವೆಯ ಸುತ್ತಿನ ಬೂಟು ಇವು ಬಿಟ್ಟುಹೋಗಿರುತ್ತವೆ. ಕಡಿದಾದ ಇಳಿಜಾರಿಗೆ ಕೂಲಿ ಹೆಚ್ಚು, ಅದೂ ಇರುವುದಿಲ್ಲ. ಹಲವು ಕಸುಬಿನವರು ಬೇಕಾದ ಕೆಲಸಕ್ಕೆ ಮುಖ್ಯ ಗುತ್ತಿಗೆದಾರನ ಮೇಲ್ವೆಚ್ಚ ಶೇಕಡಾ 10, ಲಾಭ ಶೇಕಡಾ 10 ಸೇರಿಸುವುದು ರೂಢಿ. ಜಗಳ ಹೆಚ್ಚಾಗಿ ಅಲ್ಲೇ. ಇಷ್ಟೂ ಅಂದಾಜಿನ ಕೆಲಸ, ಹೊಂದಾಣಿಕೆಯದ್ದಲ್ಲ.

ಧಾರವಾಡ ಪೇಡೆ ಬರೆದದ್ದು:

ನಮ್ಮ ಕಡೆ ಇದಕ್ಕ ‘ಸರ್ವೇಯರ್’ ಅಂತಾರ್ರೀ. 1938ರ ವಿಮಾ ಕಾಯ್ದೆಯೊಳಗ ‘ಸರ್ವೇಯರ್ ಅಥವಾ ಲಾಸ್ ಅಸೆಸರ್’ ಅಂತನೇ ಐತಿ. ‘ನಷ್ಟ ನಿರ್ಧಾರಕ’ ಅಂತ ಬರದು ಮುಗಸ್ರಿ.

ಮಾಡುಹೆಂಚು ಬರೆದದ್ದು:

ಅಲ್ಲೇ ಎಡವಟ್ಟು ಪೇಡೆಯವರೇ. ಭಾರತದಲ್ಲಿ ಸರ್ವೇಯರನ್ನು ಸಾಮಾನ್ಯವಾಗಿ ಗೊತ್ತು ಮಾಡುವುದು ಕಂಪನಿ, ಫೀಸು ಕೊಡುವುದೂ ಕಂಪನಿ. ಲೈಸೆನ್ಸ್ ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ಕೊಟ್ಟರೂ ಅವನು ಮನೆಯವರ ಮನುಷ್ಯನಲ್ಲ. ಬ್ರಿಟನ್ನಿನಲ್ಲಿ ‘ಲಾಸ್ ಅಡ್ಜಸ್ಟರ್’ ಕಂಪನಿ ಕಡೆಯವನು, ‘ಲಾಸ್ ಅಸೆಸರ್’ ಪಾಲಿಸಿದಾರರ ಕಡೆಯವನು. ಅದೇ ‘ಅಸೆಸರ್’ ಭಾರತಕ್ಕೆ ಬರುವಷ್ಟರಲ್ಲಿ ಕಂಪನಿ ಕರೆಸುವವನಾದ. ಅಮೆರಿಕದಲ್ಲಿ ‘ಅಡ್ಜಸ್ಟರ್’ ಯಾವ ಕಡೆಯವನೂ ಆಗಬಹುದು, ಮುಂದಿನ ವಿಶೇಷಣ ನೋಡಿಯೇ ತಿಳಿಯಬೇಕು. ಪದಕ್ಕೆ ಪದ ಇಟ್ಟರೆ ಬೆಂಗಳೂರಿನ ಓದುಗನಿಗೆ ಉಲ್ಟಾ ಅರ್ಥ ಹೋಗುತ್ತದೆ. ಕನ್ನಡದ ಪದ ‘ಯಾರ ಪರ’ ಎಂಬುದನ್ನು ಬಾಯಿಬಿಟ್ಟು ಹೇಳಲೇಬೇಕು.

ಅಲ್ಲದೆ ಊರಲ್ಲಿ ಸರ್ವೇಯರ್ ಎಂದರೆ ಮೋಜಣಿಯವನು, ಸರಪಳಿ ಹಿಡಿದು ಹೊಲ ಅಳೆಯುವವನು.

ಷಟ್ಪದಿ ಬರೆದದ್ದು:

ಹಾಗಾದರೆ ‘ವಿಮಾ ವಕೀಲ’. ವಕೀಲ ಎಂದರೆ ಅರಬ್ಬಿಯಲ್ಲಿ ಪ್ರತಿನಿಧಿ, ಇನ್ನೊಬ್ಬರ ಪರವಾಗಿ ನಿಲ್ಲುವವನು. ಕೋರ್ಟಿನ ಅರ್ಥ ನಾವು ಕಟ್ಟಿದ್ದು. ಇಷ್ಟು ಒಪ್ಪುವ ಪದ ಇನ್ನೊಂದಿಲ್ಲ.

ಎಳೆಗನ್ನಡ ಬರೆದದ್ದು:

ಫಾರಸಿ, ಅರಬ್ಬಿ, ಸಂಸ್ಕೃತ, ಇಂಗ್ಲಿಷ್ ಎಲ್ಲವೂ ನಡೆಯುತ್ತವೆ. ‘ಕೇಡು’ ಮಾತ್ರ ನಡೆಯುವುದಿಲ್ಲ. ಒಳ್ಳೆಯ ಕನ್ನಡ ಕೂಟ.

ಮಾಡುಹೆಂಚು ಬರೆದದ್ದು:

‘ವಕೀಲ’ ದಯವಿಟ್ಟು ಬೇಡ. ಇದು ರುಚಿಯ ಮಾತಲ್ಲ. ಪಬ್ಲಿಕ್ ಅಡ್ಜಸ್ಟರ್ ಕಾನೂನು ಸಲಹೆ ಕೊಡುವಂತಿಲ್ಲ, ದಾವೆ ಹೂಡುವಂತಿಲ್ಲ. ಹಾಗೆ ಅಚ್ಚು ಹಾಕಿದರೆ ಕರಪತ್ರ ಹಂಚಿದವರಿಗೇ ತೊಂದರೆ. ‘ಏಜೆಂಟ್’ ಕೂಡ ಬೇಡ, ಹಿರಿಯರಿಗೆ ಅದು ಎಲ್‌ಐಸಿ ಏಜೆಂಟ್.

ಅವನಿಂದ ಆಗದ್ದು ಇನ್ನೂ ಇದೆ. ಪಾಲಿಸಿಯಲ್ಲಿ ಇಲ್ಲದ ರಕ್ಷಣೆಯನ್ನು ಅವನು ತಂದುಕೊಡಲಾರ. ಮೇಲಿಂದ ಬಿದ್ದ ನೀರು, ಅಂದರೆ ಗಾಳಿ ಮಾಡನ್ನು ಕಿತ್ತು ಆ ಸಂದಿಯಿಂದ ಒಳಬಂದ ಮಳೆ, ಸಾಮಾನ್ಯವಾಗಿ ಮನೆಯ ಪಾಲಿಸಿಗೆ ಸೇರುತ್ತದೆ. ಕೆಳಗಿಂದ ಏರಿದ ನೀರು ನೆರೆ, ಅದಕ್ಕೆ ಬೇರೆಯೇ ಪಾಲಿಸಿ ಬೇಕು. ಅಲ್ಲಿನ ಕೇಂದ್ರ ಸರ್ಕಾರದ ನೆರೆ ವಿಮೆಯಲ್ಲಿ ಹಾನಿಯಾದ ದಿನದಿಂದ 60 ದಿನದೊಳಗೆ ಸಹಿ ಮಾಡಿದ ಪ್ರಮಾಣಪೂರ್ವಕ ನಷ್ಟಪತ್ರ ಹೋಗಬೇಕು. ದಿನ ತಪ್ಪಿದ ಮೇಲೆ ಎಂಥ ನುರಿತವನೂ ಹೆಚ್ಚೇನೂ ಮಾಡಲಾರ.

ಕರಡುಪ್ರತಿ ಬರೆದದ್ದು:

‘ಮೇಲಿಂದ ಬಿದ್ದ ನೀರು, ಕೆಳಗಿಂದ ಏರಿದ ನೀರು’ ಹಾಗೇ ಎತ್ತಿಕೊಳ್ಳುತ್ತೇನೆ. ಮೂಲದ ಅರ್ಧ ಪುಟ ಉಳಿಯಿತು. ಡಿಪ್ರಿಸಿಯೇಶನ್, ಡಿಡಕ್ಟಿಬಲ್ ಎರಡನ್ನೂ ಸೇರಿಸಿ ಹೇಳಿಬಿಡಿ ಸರ್.

ಮಾಡುಹೆಂಚು ಬರೆದದ್ದು:

ಮೊದಲನೆಯದಕ್ಕೆ, ಅಂದರೆ ಹಳತಾದಂತೆ ಇಳಿಯುವ ಬೆಲೆಗೆ, ‘ಸವಕಳಿ’. ಲೆಕ್ಕಪತ್ರದವರು ಆಗಲೇ ಬಳಸುತ್ತಿದ್ದಾರೆ, ಹೊಸದಾಗಿ ಕಟ್ಟಬೇಕಿಲ್ಲ. ಎರಡನೆಯದಕ್ಕೆ, ಅಂದರೆ ನಷ್ಟದಲ್ಲಿ ಮನೆಯವರೇ ಹೊರಬೇಕಾದ ಪಾಲಿಗೆ, ‘ಕೈಯಿಂದ ಹಾಕುವ ಮೊತ್ತ’. ‘ಕಡಿತ’ ಎಂದರೆ ಕಂಪನಿ ಮೋಸದಿಂದ ಕಿತ್ತುಕೊಂಡಂತೆ ಕೇಳುತ್ತದೆ.

ಲೆಕ್ಕ ಹಾಕಿ ತೋರಿಸಿ, ಆಗಲೇ ತಿಳಿಯುವುದು. 2,400 ಚದರಡಿ ಮಾಡು. ಅಲ್ಲಿನ ಮಾಡಿನವರು ‘ಸ್ಕ್ವೇರ್’ ಎನ್ನುವುದು ನಮ್ಮ ಮೇಸ್ತ್ರಿಗಳ ‘ಚದರ’ವೇ, ಎರಡೂ 100 ಚದರಡಿ. ಹಾಗಾಗಿ 24 ಚದರ. ಚದರಕ್ಕೆ 750 ಡಾಲರ್ ಹಿಡಿದರೆ 18,000. ಮಾಡಿನ ಆಯುಸ್ಸು 20 ವರ್ಷ, ಆಗಲೇ 10 ಕಳೆದಿದೆ ಎಂದರೆ ಸವಕಳಿ 9,000. ಮನೆಯ ವಿಮೆ 4,00,000, ಗಾಳಿ-ಆಲಿಕಲ್ಲಿಗೆ ಕೈಯಿಂದ ಹಾಕುವುದು ಶೇಕಡಾ 2, ಅಂದರೆ 8,000. 18,000ದಲ್ಲಿ ಇವೆರಡನ್ನೂ ಕಳೆದರೆ ಮೊದಲ ಚೆಕ್ಕು 1,000 ಡಾಲರ್. ಇದನ್ನು ನೋಡಿ ಹಿರಿಯರು ‘ಕ್ಲೇಮು ಹೋಯಿತು’ ಎಂದು ಕೈಚೆಲ್ಲುತ್ತಾರೆ. ಹೋಗಿಲ್ಲ. ಪಾಲಿಸಿ ಹೊಸ ಬೆಲೆ ಕೊಡುವಂಥದ್ದಾದರೆ ಕೆಲಸ ಮುಗಿಸಿ ಬಿಲ್ಲು ಕಳಿಸಿದ ಮೇಲೆ ತಡೆಹಿಡಿದ 9,000 ಬರುತ್ತದೆ. ಸವಕಳಿ ಕಳೆದ ಬೆಲೆಯಷ್ಟನ್ನೇ ಕೊಡುವ ಪಾಲಿಸಿಯಾದರೆ ಆ 9,000 ಎಂದೂ ಬರುವುದಿಲ್ಲ. ಯಾವುದೆಂದು ಮೊದಲೇ ನೋಡಿಕೊಳ್ಳಲಿ.

ಈ ಉದಾಹರಣೆಯಲ್ಲಿ ಒಟ್ಟು ಬರುವುದು 10,000. ಅಡ್ಜಸ್ಟರನಿಗೆ ಶೇಕಡಾ 10 ಕೊಟ್ಟರೆ 1,000 ಹೋಯಿತು, ಅದೂ ರಿಪೇರಿ ದುಡ್ಡಿನಿಂದಲೇ. ಪಾಲಿಸಿ ಅವನ ಫೀಸನ್ನು ತುಂಬಿಕೊಡುವುದಿಲ್ಲ. ಹಾಗಾಗಿ ಇಷ್ಟು ಚಿಕ್ಕ ಕ್ಲೇಮಿಗೆ ಅವನು ಬೇಡ. ಬೆಂಕಿ ಬಿದ್ದಾಗ, ಒಳಗೆಲ್ಲ ನೆನೆದಾಗ, ಸಾಮಾನಿನ ಪಟ್ಟಿಯೇ ನೂರಾರು ಸಾಲು ಆಗುವಾಗ ಅವನು ಬೇಕು.

‘ಕೈಯಿಂದ ಹಾಕುವುದನ್ನು ನಾವೇ ಬಿಟ್ಟುಬಿಡ್ತೀವಿ’ ಎನ್ನುವ ಮಾಡಿನ ಗುತ್ತಿಗೆದಾರರಿಗೆ 2019ರಿಂದ ಟೆಕ್ಸಾಸಿನಲ್ಲಿ ಕಾನೂನು ಅಡ್ಡ ಇದೆ. ಅಂಥ ಗುತ್ತಿಗೆದಾರ ತಾನು ರಿಪೇರಿ ಮಾಡುವ ಮನೆಗೆ ತಾನೇ ಪಬ್ಲಿಕ್ ಅಡ್ಜಸ್ಟರ್ ಆಗುವಂತೆಯೂ ಇಲ್ಲ. ಬಾಗಿಲು ತಟ್ಟುವವರಲ್ಲಿ ಬಹಳ ಮಂದಿ ಇವರೇ.

ಷಟ್ಪದಿ ಬರೆದದ್ದು:

ಲೆಕ್ಕ ಚೆನ್ನಾಗಿದೆ, ಪದ ಎಲ್ಲಿ?

ಮಾಡುಹೆಂಚು ಬರೆದದ್ದು:

ಪಾಲಿಸಿದಾರರ ಪರ ನಷ್ಟ ಅಂದಾಜುಗಾರ.

ಎಳೆಗನ್ನಡ ಬರೆದದ್ದು:

ನಾಲ್ಕು ಪದ. ‘ಪಾಲಿಸಿ’ ಇಂಗ್ಲಿಷ್, ‘-ದಾರ’ ಫಾರಸಿ, ‘ಪರ’, ‘ನಷ್ಟ’ ಸಂಸ್ಕೃತ, ‘ಅಂದಾಜು’ ಮತ್ತೆ ಫಾರಸಿ. ಕನ್ನಡ ಎಲ್ಲಿದೆ, ‘-ರ’ ವಿಭಕ್ತಿಯಲ್ಲಾ?

ಷಟ್ಪದಿ ಬರೆದದ್ದು:

ಹೌದು, ವಿಭಕ್ತಿಯಲ್ಲೇ. ಕನ್ನಡ ಇರುವುದೇ ಅಲ್ಲಿ. ‘ವಿಮೆ’ಯೂ ಫಾರಸಿಯ ‘ಬೀಮಾ’. ಅದನ್ನು ಬಿಟ್ಟು ಈ ಕರಪತ್ರದ ಒಂದು ವಾಕ್ಯ ಬರೆದು ತೋರಿಸಿ.

ಎಳೆಗನ್ನಡ ಬರೆದದ್ದು:

ಬರೆಯಬಲ್ಲೆ. ಬರೆದರೆ ನಗುತ್ತೀರಿ. ನಗುವುದು ಪದದ ತಪ್ಪಲ್ಲ, ಕಿವಿಯದು. ‘ಸವಕಳಿ’ಗೆ ಯಾರೂ ನಗಲಿಲ್ಲ, ಯಾಕೆಂದರೆ ಅದನ್ನು ನಲವತ್ತು ಸಲ ಕೇಳಿದ್ದೀರಿ. ‘ಎಣಿಗ’ನನ್ನೂ ನಲವತ್ತು ಸಲ ಕೇಳಿಸಿಕೊಳ್ಳಿ.

ಧಾರವಾಡ ಪೇಡೆ ಬರೆದದ್ದು:

ಸವಕಳಿ ಮಾತು ಖರೇ ಐತಿ. ಆದ್ರ ನಾಳೆ ಸಂಜೀಕ ಅಚ್ಚಿಗೆ ಹೋಗೂದ್ರಾಗ ನಲವತ್ತು ಸಲ ಕೇಳಸೂದು ಹ್ಯಾಂಗ್ರೀ?

ನಂದೊಂದು ತಕರಾರು. ‘ಅಂದಾಜುಗಾರ’ ಅಂದ್ರ ಅಂದಾಜಿಗೆ ಗುಂಡು ಹೊಡಿಯಾಂವ ಅನಸ್ತದ. ‘ನಿರ್ಧಾರಕ’ ಗಟ್ಟಿ ಐತಿ.

ಮಾಡುಹೆಂಚು ಬರೆದದ್ದು:

ಅಷ್ಟು ಗಟ್ಟಿ ಇರಬಾರದು. ಅವನು ನಿರ್ಧರಿಸುವುದಿಲ್ಲ, ಲೆಕ್ಕ ಮುಂದಿಟ್ಟು ವಾದಿಸುತ್ತಾನೆ. ಮೊತ್ತದಲ್ಲಿ ಒಮ್ಮತ ಬಾರದಿದ್ದರೆ ಬಹಳ ಪಾಲಿಸಿಗಳಲ್ಲಿ ಪಂಚಾಯಿತಿಯ ಕಲಮು ಇರುತ್ತದೆ: ಎರಡೂ ಕಡೆ ಒಬ್ಬೊಬ್ಬ ಪಂಚ, ಅವರಿಬ್ಬರು ಆರಿಸಿದ ಮಧ್ಯಸ್ಥನೊಬ್ಬ. ಮೂವರಲ್ಲಿ ಇಬ್ಬರು ಸಹಿ ಹಾಕಿದರೆ ಅದೇ ಮೊತ್ತ. ತಮ್ಮ ಪಂಚನ ಖರ್ಚು ತಮ್ಮದು, ಮಧ್ಯಸ್ಥನದು ಅರ್ಧರ್ಧ. ಅಲ್ಲಿ ತೀರ್ಮಾನವಾಗುವುದು ಎಷ್ಟು ಎಂಬುದು ಮಾತ್ರ, ಪಾಲಿಸಿಗೆ ಸೇರುತ್ತದೋ ಇಲ್ಲವೋ ಎಂಬುದಲ್ಲ. ಶೇಕಡಾ ಪಾಲಿರುವ ಅಡ್ಜಸ್ಟರನನ್ನೇ ಪಂಚನಾಗಿ ಕೂರಿಸಿದರೆ ಎದುರು ಕಡೆಯವರು ತಕರಾರು ತೆಗೆಯುತ್ತಾರೆ. ನಿರ್ಧರಿಸುವವರು ಈ ಪಂಚರು ಮತ್ತು ಮಧ್ಯಸ್ಥ. ಹಾಗಾಗಿ ‘ನಿರ್ಧಾರಕ’ ಇಲ್ಲಿ ಸಲ್ಲದು.

ಕರಡುಪ್ರತಿಯವರೇ, ಒಪ್ಪಂದದ ಬಗ್ಗೆ ಒಂದು ಚೌಕ ಕಟ್ಟಿ ಇವಿಷ್ಟು ಹಾಕಿ. ಟೆಕ್ಸಾಸಿನಲ್ಲಿ ಸಹಿ ಹಾಕಿದ 72 ಗಂಟೆಯೊಳಗೆ ಬರಹದಲ್ಲಿ ತಿಳಿಸಿ ಒಪ್ಪಂದ ಬಿಡಬಹುದು. ಕ್ಲೇಮು ತಿಳಿಸಿದ 72 ಗಂಟೆಯೊಳಗೆ ಕಂಪನಿಯೇ ಪಾಲಿಸಿಯ ಪೂರ್ತಿ ಮಿತಿ ಕೊಟ್ಟರೆ, ಅಥವಾ ಕೊಡುತ್ತೇವೆಂದು ಬರೆದುಕೊಟ್ಟರೆ, ಅಡ್ಜಸ್ಟರನಿಗೆ ಶೇಕಡಾವಾರು ಪಾಲು ಇಲ್ಲ, ವ್ಯಯಿಸಿದ ಸಮಯಕ್ಕೆ ತಕ್ಕ ಕೂಲಿ ಮಾತ್ರ. ಎರಡೂ 72, ಬೆರೆಸಬೇಡಿ. ಅಡ್ಜಸ್ಟರ್ ಬರುವ ಮುಂಚೆಯೇ ಕಂಪನಿ ಕೊಟ್ಟ ಹಣದ ಮೇಲೆ ಫೀಸು ಇಲ್ಲ ಎಂದು ಒಪ್ಪಂದದಲ್ಲೇ ಬರೆಸಿಕೊಳ್ಳಲಿ. ಮನೆ ಸಾಲ ಇದ್ದರೆ ಕಟ್ಟಡದ ಚೆಕ್ಕಿನಲ್ಲಿ ಸಾಲ ಕೊಟ್ಟವರ ಹೆಸರೂ ಇರುತ್ತದೆ. ಒಪ್ಪಂದದಲ್ಲಿ ಇದ್ದರೆ ಅಡ್ಜಸ್ಟರನದೂ. ಮೂರು ಸಹಿ ಬೀಳುವವರೆಗೆ ಹಣ ಕೈಗೆ ಬರುವುದಿಲ್ಲ.

ಕರಡುಪ್ರತಿ ಬರೆದದ್ದು:

ತೀರ್ಮಾನಿಸಿದೆ. ತಲೆಬರಹದಲ್ಲಿ ‘ಪಾಲಿಸಿದಾರರ ಪರ ನಷ್ಟ ಅಂದಾಜುಗಾರರು’, ಕೆಳಗೆ ಸಣ್ಣಕ್ಷರದಲ್ಲಿ ‘ಅಲ್ಲಿ ಇವರನ್ನು ಪಬ್ಲಿಕ್ ಅಡ್ಜಸ್ಟರ್ ಎನ್ನುತ್ತಾರೆ’. ಲೈಸೆನ್ಸ್ ಹುಡುಕುವಾಗ ಆ ಹೆಸರು ಬೇಕಾಗುತ್ತದೆ. ಒಳಗೆ ಹತ್ತು ಕಡೆ ಬರೀ ‘ನಿಮ್ಮ ಅಂದಾಜುಗಾರರು’, ಕಂಪನಿಯವರಿಗೆ ‘ಕಂಪನಿಯ ಅಂದಾಜುಗಾರರು’. ಬಹುವಚನ ಇಟ್ಟಿದ್ದರಿಂದ ಗಂಡು-ಹೆಣ್ಣಿನ ತೊಡಕೂ ಇಲ್ಲ. ಎಲ್ಲರಿಗೂ ವಂದನೆ.

ಎಳೆಗನ್ನಡ ಬರೆದದ್ದು:

‘ನಿಮ್ಮ’ ಒಂದಾದರೂ ಕನ್ನಡ. ಆಗಲಿ.

ಅಚ್ಚಿಗೆ ಕೊಡುವ ಮುನ್ನ ಒಂದು ನೋಡಿಕೊಳ್ಳಿ. ಅಕ್ಷರ ಜೋಡಿಸುವವರು ‘ಪರ’, ‘ನಷ್ಟ’ ಎರಡನ್ನೂ ಕೂಡಿಸಿ ‘ಪರನಷ್ಟ’ ಮಾಡಿದರೆ ‘ಬೇರೆಯವರ ನಷ್ಟ’ ಎಂದಾಗುತ್ತದೆ. ‘ಪಾಲಿಸಿದಾರರ ಪರ’ ಮೇಲಿನ ಸಾಲಿಗೆ, ‘ನಷ್ಟ ಅಂದಾಜುಗಾರರು’ ಕೆಳಗಿನ ಸಾಲಿಗೆ ಇರಲಿ.