ಮನಿ ಕಂಪ್ಯೂಟರ್‌ನ್ಯಾಗ ಕೈ ಜಿಪಿಎಸ್ ನಕ್ಷೆ ತೆಗೆದು ಹಾದಿ ಹಾಕೋದು ಹ್ಯಾಂಗ: ಈ ವಾರದ ಪ್ರಶ್ನೋತ್ತರ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಭಾಗದ ಚಾರಣ ಮತ್ತು ಸೈಕಲ್ ಗುಂಪಿನ ಸದಸ್ಯರು ಕೇಳಿದ ಪ್ರಶ್ನೆಗಳಿಗೆ ಸರ್ವೆ ಮತ್ತು ನಕ್ಷೆ ಕೆಲಸದಲ್ಲಿರುವವರು ಕೊಟ್ಟ ಉತ್ತರಗಳು.

ಪ್ರಶ್ನೆ, ಗದಗದಿಂದ: ಸರ, ನನ್ನ ಕಡೆ ಗಾರ್ಮಿನ್ ಕಂಪನಿಯ ಇಟ್ರೆಕ್ಸ್ 20 ಕೈ ಜಿಪಿಎಸ್ ಐತಿ. ಮೆಮೊರಿ ಕಾರ್ಡಿನ್ಯಾಗ ನಕ್ಷೆ ಹಾಕೀನಿ, ಯಂತ್ರದಾಗ ಛಂದಾಗಿ ಕಾಣ್ತೈತಿ. ಆದ್ರ ಕಂಪ್ಯೂಟರ್‌ನ್ಯಾಗ ಗಾರ್ಮಿನ್‌ದ ನಕ್ಷೆ ತಂತ್ರಾಂಶ ಬೇಸ್‌ಕ್ಯಾಂಪ್ ತೆಗೆದ್ರ ನಾಕು ದೊಡ್ಡ ರಸ್ತೆ ಬಿಟ್ಟು ಏನೂ ಕಾಣವಲ್ದು. ಲಕ್ಕುಂಡಿ, ಡಂಬಳ, ಕಪ್ಪತಗುಡ್ಡ, ಮಾಗಡಿ ಕೆರಿ ಸೇರಿಸಿ ಎರಡು ದಿನದ ಸೈಕಲ್ ಹಾದಿ ಹಾಕ್ಬೇಕಂತ ಮಾಡೀವಿ. ಏನ್ ಮಾಡ್ಬೇಕ್ರಿ?

ಉತ್ತರ: ನಿಮಗೆ ಕಾಣುತ್ತಿರುವುದು ಬೇಸ್‌ಕ್ಯಾಂಪ್ ಜೊತೆಗೇ ಬರುವ ಗ್ಲೋಬಲ್ ಮ್ಯಾಪ್. ಕಾರ್ಡಿನಲ್ಲಿರುವ ನಕ್ಷೆ ಇನ್ನೂ ಕಂಪ್ಯೂಟರಿಗೆ ಸಿಕ್ಕೇ ಇಲ್ಲ.

ಮೊದಲು ಕೇಬಲ್ ನೋಡಿರಿ. ಇಟ್ರೆಕ್ಸ್ 20ಕ್ಕೆ ಬೇಕಾಗುವುದು ಹಳೆಯ ಮಿನಿ ಯುಎಸ್‌ಬಿ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಎಷ್ಟೋ ಕೇಬಲ್‌ಗಳೊಳಗೆ ಕರೆಂಟಿನ ತಂತಿ ಮಾತ್ರ ಇರುತ್ತದೆ, ಡೇಟಾ ತಂತಿ ಇರುವುದಿಲ್ಲ. ಯಂತ್ರಕ್ಕೆ ಕರೆಂಟ್ ಬಂದು ಕಂಪ್ಯೂಟರಿನಲ್ಲಿ ಹೊಸ ಡ್ರೈವ್ ಬರದಿದ್ದರೆ ತಪ್ಪು ಸಾಮಾನ್ಯವಾಗಿ ಕೇಬಲ್ಲಿನದೇ. ಸರಿಯಾದ ಕೇಬಲ್ ಹಾಕಿದಾಗ ಎರಡು ಡ್ರೈವ್ ಕಾಣಬೇಕು: ಒಂದು ಯಂತ್ರದ ಒಳಗಿನ ಮೆಮೊರಿ, ಇನ್ನೊಂದು ಕಾರ್ಡು.

ಕೇಬಲ್ ಸರಿ ಇದ್ದರೂ ಯಂತ್ರದ ಮೂಲಕ ನಕ್ಷೆ ಓದುವುದು ಬಹಳ ನಿಧಾನ. ದೊಡ್ಡ ನಕ್ಷೆ ಇದ್ದರೆ ಬೇಸ್‌ಕ್ಯಾಂಪ್ ಸತ್ತೇಹೋಯಿತೇನೋ ಅನ್ನಿಸುವಷ್ಟು ಹೊತ್ತು ಸುಮ್ಮನೆ ಕೂರುತ್ತದೆ. ಕಾರ್ಡನ್ನು ಹೊರತೆಗೆದು ಕಾರ್ಡ್ ರೀಡರಿಗೆ ಹಾಕಿ ಚುಚ್ಚಿದರೆ ಬೇಗ ಬರುತ್ತದೆ. ಕಾರ್ಡಿನಲ್ಲಿ ಗಾರ್ಮಿನ್ ಎಂಬ ಫೋಲ್ಡರ್, ಅದರೊಳಗೆ ಜಿಮ್ಯಾಪ್‌ಸಪ್ ಡಾಟ್ ಐಎಂಜಿ ಫೈಲ್ ಇರಬೇಕು, ಅಷ್ಟೆ. ಇದೇ ಫೋಲ್ಡರನ್ನು ಒಂದು ಪೆನ್ ಡ್ರೈವಿಗೆ ನಕಲು ಮಾಡಿಟ್ಟರೆ ಬೇಸ್‌ಕ್ಯಾಂಪ್ ಅದನ್ನೂ ಕಾರ್ಡಿನಂತೆಯೇ ಓದುತ್ತದೆ. ಮತ್ತೆ ಮತ್ತೆ ಯಂತ್ರದಿಂದ ಕಾರ್ಡ್ ಕೀಳುವ ಕೆಲಸ ತಪ್ಪುತ್ತದೆ.

ನಕ್ಷೆ ಡಾಟ್ ಜಿಮ್ಯಾಪ್ ಫೋಲ್ಡರ್ ರೂಪದಲ್ಲಿ ಸಿಕ್ಕರೆ ಇನ್ನೂ ಒಳ್ಳೆಯದು. ವಿಂಡೋಸ್‌ನಲ್ಲಿ ಸಿ ಡ್ರೈವಿನ ಪ್ರೋಗ್ರಾಂಡೇಟಾ, ಅದರೊಳಗೆ ಗಾರ್ಮಿನ್, ಅದರೊಳಗೆ ಮ್ಯಾಪ್ಸ್, ಅಲ್ಲಿ ಇಡಿರಿ. ಪ್ರೋಗ್ರಾಂಡೇಟಾ ಅಡಗಿಸಿಟ್ಟ ಫೋಲ್ಡರ್, ಹಿಡನ್ ಐಟಮ್ಸ್ ಆನ್ ಮಾಡದೆ ಕಾಣುವುದಿಲ್ಲ. ಆಮೇಲೆ ಬೇಸ್‌ಕ್ಯಾಂಪ್ ಮುಚ್ಚಿ ಮತ್ತೆ ತೆರೆದು, ಮೇಲಿನ ಪಟ್ಟಿಯಿಂದ ನಕ್ಷೆಯ ಹೆಸರನ್ನು ನೀವೇ ಆರಿಸಬೇಕು, ತಾನಾಗಿ ಬದಲಾಗುವುದಿಲ್ಲ. ನಕ್ಷೆ ಬಂದರೂ ಹಳ್ಳಿ ರಸ್ತೆ ಕಾಣದಿದ್ದರೆ ಡೀಟೇಲ್ ಮಟ್ಟವನ್ನು ಹೆಚ್ಚಿಸಿರಿ.

ಪ್ರಶ್ನೆ, ಹಾವೇರಿಯಿಂದ: ಪುಕ್ಕಟೆ ನಕ್ಷೆ ಎಲ್ಲಿಂದ ಇಳಿಸ್ಕೋಬೇಕ್ರಿ? ನಂದು 64 ಜಿಬಿ ಕಾರ್ಡ್, ಯಂತ್ರ ಅದನ್ನ ತಗೋಳವಲ್ದು.

ಉತ್ತರ: ಓಪನ್‌ಸ್ಟ್ರೀಟ್‌ಮ್ಯಾಪ್ (ಜನರೇ ಸೇರಿ ಮಾಡುವ ನಕ್ಷೆ) ಮಾಹಿತಿಯಿಂದ ಮಾಡಿದ ಗಾರ್ಮಿನ್ ನಕ್ಷೆಗಳು ಪುಕ್ಕಟೆ ಸಿಗುತ್ತವೆ. ಬಿಬಿಬೈಕ್ ತಾಣದಲ್ಲಿ ಬೇಕಾದಷ್ಟೇ ಜಾಗಕ್ಕೆ ಚೌಕ ಎಳೆದು ಗಾರ್ಮಿನ್ ರೂಪ ಆರಿಸಿದರೆ ಇಮೇಲಿಗೆ ಕೊಂಡಿ ಬರುತ್ತದೆ. ಧಾರವಾಡದಿಂದ ಕೊಪ್ಪಳದವರೆಗೆ, ನವಲಗುಂದದಿಂದ ಹಾವೇರಿಯವರೆಗೆ ಒಂದು ಚೌಕ ಹಾಕಿದರೆ ನಮ್ಮ ಭಾಗ ಮುಗಿಯಿತು. ಅಕ್ಷರದ ಆಯ್ಕೆ ಕೇಳಿದಾಗ ಲ್ಯಾಟಿನ್-1 ಒತ್ತಿರಿ. ಯುನಿಕೋಡ್ ನಕ್ಷೆ ಹಾಕಿದರೆ ಹೊಸ ಯಂತ್ರಗಳಲ್ಲಿ ನಕ್ಷೆಯನ್ನು ದೃಢೀಕರಿಸಲಾಗದು ಎಂಬ ಸಂದೇಶ ಬಂದು ತೆರೆಯದೇ ಇರಬಹುದು. ಊರ ಹೆಸರು ಇಂಗ್ಲಿಷಿನಲ್ಲಿ ಬಂದರೂ ಸದ್ಯಕ್ಕೆ ಅದೇ ಮೇಲು.

ಕಾರ್ಡಿನ ವಿಷಯ: 64 ಜಿಬಿ ಕಾರ್ಡುಗಳು ಎಕ್ಸ್‌ಫ್ಯಾಟ್ ಎಂಬ ಫಾರ್ಮ್ಯಾಟ್‌ನಲ್ಲಿ ಬರುತ್ತವೆ, ಹಳೆಯ ಯಂತ್ರಗಳಿಗೆ ಫ್ಯಾಟ್32 ಫಾರ್ಮ್ಯಾಟ್ ಬೇಕು. 32 ಜಿಬಿ ಅಥವಾ ಅದಕ್ಕಿಂತ ಸಣ್ಣ ಕಾರ್ಡ್ ತಗೊಳ್ಳಿರಿ. ಫ್ಯಾಟ್32ರಲ್ಲಿ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ. ಯಂತ್ರದ ಒಳಮೆಮೊರಿಯಲ್ಲಿರುವ ಜಿಮ್ಯಾಪ್‌ಬಿಮ್ಯಾಪ್ ಎಂಬ ಫೈಲ್ ಮೂಲ ನಕ್ಷೆ, ಜಾಗ ಬೇಕೆಂದು ಅದನ್ನು ಅಳಿಸಬೇಡಿರಿ.

ಇಟ್ರೆಕ್ಸ್ 10 ಇರುವವರು ಈ ಖಟಪಟಿಗೆ ಹೋಗಬೇಡಿರಿ. ಅದಕ್ಕೆ ವಿವರದ ನಕ್ಷೆ ಹಾಕಲು ಬರುವುದಿಲ್ಲ, ಗುರುತು ಮತ್ತು ಟ್ರ್ಯಾಕ್ ಕಳಿಸಬಹುದು ಅಷ್ಟೆ.

ಪ್ರಶ್ನೆ, ಹುಬ್ಬಳ್ಳಿಯಿಂದ: ಕಂಪ್ಯೂಟರ್‌ನ್ಯಾಗ ಒಂದು ಹಾದಿ ಹಾಕಿ ಕಳಿಸಿದ್ರ ಯಂತ್ರ ಬ್ಯಾರೆ ಹಾದಿ ತೋರಸ್ತೈತಿ. ಹಿಂಗ್ಯಾಕ?

ಉತ್ತರ: ನೀವು ಕಳಿಸಿದ್ದು ರೂಟ್, ಕಳಿಸಬೇಕಾದದ್ದು ಟ್ರ್ಯಾಕ್. ಈ ಗುಂಪಿನಲ್ಲಿ ಅತಿ ಹೆಚ್ಚು ತ್ರಾಸು ಕೊಡುವ ವಿಷಯ ಇದೇ, ಅದಕ್ಕೆ ಬಿಡಿಸಿ ಹೇಳುತ್ತೇನೆ.

ರೂಟ್ ಅಂದರೆ ಹೊರಡುವ ಜಾಗ, ನಡುವಿನ ನಾಲ್ಕೈದು ಜಾಗ, ತಲುಪುವ ಜಾಗ. ಅವುಗಳ ನಡುವೆ ಯಾವ ರಸ್ತೆ ಹಿಡಿಯಬೇಕೆಂದು ಯಂತ್ರ ತನ್ನ ನಕ್ಷೆ, ತನ್ನ ಸೆಟ್ಟಿಂಗ್ ನೋಡಿ ಮತ್ತೆ ಲೆಕ್ಕ ಹಾಕುತ್ತದೆ. ಕಂಪ್ಯೂಟರಿನಲ್ಲಿ ಸೈಕಲ್ ಪ್ರೊಫೈಲ್, ಯಂತ್ರದಲ್ಲಿ ಕಾರಿನ ಪ್ರೊಫೈಲ್ ಇದ್ದರೆ ಎರಡೂ ಬೇರೆ ಹಾದಿ ಹಿಡಿಯುತ್ತವೆ. ಟ್ರ್ಯಾಕ್ ಹಾಗಲ್ಲ. ಅದು ಸಾಲಾಗಿ ಇಟ್ಟ ನೂರಾರು ಬಿಂದುಗಳ ಗೆರೆ, ಯಂತ್ರ ಅದನ್ನು ಮುಟ್ಟದೆ ಇದ್ದ ಹಾಗೆ ತೋರಿಸುತ್ತದೆ.

ಆದ್ದರಿಂದ ಬೇಸ್‌ಕ್ಯಾಂಪ್‌ನಲ್ಲಿ ರೂಟ್ ಎಳೆದು, ಸರಿಪಡಿಸಿ, ಅದರ ಮೇಲೆ ಬಲಗುಂಡಿ ಒತ್ತಿ ಕ್ರಿಯೇಟ್ ಟ್ರ್ಯಾಕ್ ಫ್ರಮ್ ರೂಟ್ ಆರಿಸಿರಿ. ಆ ಟ್ರ್ಯಾಕನ್ನು ಮಾತ್ರ ಕಳಿಸಿರಿ. ಯಂತ್ರದಲ್ಲಿ ಟ್ರ್ಯಾಕ್ ಮ್ಯಾನೇಜರಿಗೆ ಹೋಗಿ ಶೋ ಆನ್ ಮ್ಯಾಪ್ ಒತ್ತಿ, ಕಣ್ಣಿಗೆ ಹೊಡೆಯುವ ಬಣ್ಣ ಕೊಡಿರಿ. ಲಾಕ್ ಆನ್ ರೋಡ್ ಆಫ್ ಇರಲಿ. ಇಲ್ಲದಿದ್ದರೆ ನೀವು ಹೊಲದ ಹಾದಿಯಲ್ಲಿದ್ದರೂ ಯಂತ್ರ ನಿಮ್ಮನ್ನು ಪಕ್ಕದ ಡಾಂಬರು ರಸ್ತೆಗೆ ಎಳೆದು ತೋರಿಸುತ್ತದೆ.

ರೂಟ್ ಸರಿಪಡಿಸಿ ಅಂದೆನಲ್ಲ, ನಮ್ಮ ಕಡೆ ಅದಕ್ಕೆ ಒಂದು ವಿಶೇಷ ಕಾರಣ ಇದೆ. ನಕ್ಷೆಯಲ್ಲಿ ಬಂಡಿ ಹಾದಿ ಎಲ್ಲ ಒಂದೇ ಥರದ ತುಂಡುಗೆರೆ. ಎರಿ (ಕಪ್ಪು ಮಣ್ಣಿನ) ಹೊಲದ ಬಂಡಿ ಹಾದಿಗೂ ಮಸಾರಿಯ (ಕೆಂಪು ಮಣ್ಣಿನ) ಬಂಡಿ ಹಾದಿಗೂ ಕಂಪ್ಯೂಟರಿಗೆ ವ್ಯತ್ಯಾಸ ಗೊತ್ತಿಲ್ಲ. ಅಣ್ಣಿಗೇರಿ, ನವಲಗುಂದದ ಎರಿಯಲ್ಲಿ ಒಂದು ಮಳೆ ಬಿದ್ದರೆ ಸಾಕು, ಚಕ್ರ ಎರಡು ಸುತ್ತು ತಿರುಗುವುದರೊಳಗೆ ಮಡ್‌ಗಾರ್ಡ್ ಮತ್ತು ಟೈರಿನ ನಡುವೆ ಮಣ್ಣು ಗಚ್ಚಿನಂತೆ ತುಂಬಿ ಸೈಕಲ್ ನಿಲ್ಲುತ್ತದೆ, ಹೊತ್ತುಕೊಂಡೇ ಹೋಗಬೇಕು. ಕಪ್ಪತಗುಡ್ಡದ ಕಡೆಯ ಮಸಾರಿಯಲ್ಲಿ ಅದೇ ಮಳೆ ಬಿದ್ದರೂ ನೀರು ಇಂಗಿದ ಮೇಲೆ ಹೋಗಬಹುದು. ಅವಾಯ್ಡೆನ್ಸ್ ಪಟ್ಟಿಯಲ್ಲಿ ಕಚ್ಚಾ ರಸ್ತೆ ಬೇಡ ಎಂದು ಗುರುತು ಹಾಕಬಹುದು, ಆದರೆ ರಸ್ತೆ ಕಚ್ಚಾ ಎಂದು ನಕ್ಷೆ ಮಾಡಿದವರು ದಾಖಲಿಸಿದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ. ಎಷ್ಟೋ ಕಡೆ ದಾಖಲಾಗಿಲ್ಲ.

ಅದಕ್ಕೆ ಬೇಸ್‌ಕ್ಯಾಂಪ್‌ನ ವ್ಯೂ ಪಟ್ಟಿಯಿಂದ ಟ್ರ್ಯಾಕನ್ನು ಗೂಗಲ್ ಅರ್ಥ್‌ನಲ್ಲಿ ತೆರೆಯಿರಿ. ಕಂಪ್ಯೂಟರಿನ ಗೂಗಲ್ ಅರ್ಥ್ ಪ್ರೊ 2015ರಿಂದ ಪುಕ್ಕಟೆ. ಅದರಲ್ಲಿ ಹಳೆಯ ಚಿತ್ರಗಳನ್ನು ನೋಡುವ ಗಡಿಯಾರದ ಗುಂಡಿ ಇದೆ. ಬೆಳೆ ತೆಗೆದ ಮೇಲಿನ ಬೇಸಿಗೆ ಚಿತ್ರದಲ್ಲಿ ಎರಿ ಕಪ್ಪಗೆ, ಮಸಾರಿ ಕೆಂಪಗೆ ಎದ್ದು ಕಾಣುತ್ತದೆ. ಮಳೆಗಾಲ ಮುಗಿದ ಕೂಡಲೇ ತೆಗೆದ ಚಿತ್ರದಲ್ಲಿ ಹಾದಿಗೆ ಅಡ್ಡ ನೀರು ನಿಂತ ಜಾಗ ಸಿಗುತ್ತದೆ. ಡಾಂಬರು ಮುಗಿಯುವ ಪ್ರತಿ ಜಾಗಕ್ಕೂ ಒಂದು ವೇಪಾಯಿಂಟ್ (ಹೆಸರು ಕೊಟ್ಟ ಜಾಗದ ಗುರುತು) ಇಡಿರಿ, ಹೆಸರಿನ ಮೊದಲು 01, 02 ಎಂದು ಅಂಕಿ ಹಾಕಿರಿ. ಪಟ್ಟಿಯಲ್ಲಿ ಸಾಲಾಗಿ ನಿಲ್ಲುತ್ತವೆ.

ಮರುಪ್ರಶ್ನೆ, ಧಾರವಾಡದಿಂದ: ನಂದು ಹಳೇ ಜಿಪಿಎಸ್‌ಮ್ಯಾಪ್ 60ಸಿಎಸ್‌ಎಕ್ಸ್. ಟ್ರ್ಯಾಕ್ ಕಳಿಸಿದ್ರ ಅರ್ಧಕ್ಕ ಕಡಿದು ಹೋಗ್ತದ.

ಉತ್ತರ: ಆ ಯಂತ್ರದಲ್ಲಿ ಉಳಿಸಿಡುವ ಒಂದು ಟ್ರ್ಯಾಕಿಗೆ 500 ಬಿಂದು ಮಾತ್ರ, ಅಂಥ ಟ್ರ್ಯಾಕ್ 20. ಮೀರಿದ ಬಿಂದುಗಳನ್ನು ಕತ್ತರಿಸಿ ಬಿಡುತ್ತದೆ. ಇಟ್ರೆಕ್ಸ್ 20ರಲ್ಲಿ 10,000 ಬಿಂದು ಇರುವುದರಿಂದ ಅವರಿಗೆ ಈ ತೊಂದರೆ ಇಲ್ಲ.

ಬೇಸ್‌ಕ್ಯಾಂಪ್‌ನಲ್ಲಿ ಟ್ರ್ಯಾಕ್ ಮೇಲೆ ಎರಡು ಸಲ ಒತ್ತಿ, ಫಿಲ್ಟರ್‌ನಲ್ಲಿ ಗರಿಷ್ಠ ಬಿಂದುಗಳನ್ನು 500ಕ್ಕೆ ಇಳಿಸಬಹುದು. ಆದರೆ ಲೆಕ್ಕ ನೋಡಿರಿ: 60 ಕಿಲೋಮೀಟರ್ ಹಾದಿಗೆ 500 ಬಿಂದು ಅಂದರೆ ಸರಾಸರಿ 120 ಮೀಟರಿಗೆ ಒಂದು. ಡಾಂಬರು ರಸ್ತೆಗೆ ಸಾಕು, ಗುಡ್ಡದ ತಿರುವಿಗೆ ಸಾಲದು, ಗೆರೆ ಕೊರಕಲಿನ ಮೇಲೆ ಹಾದು ಹೋಗುತ್ತದೆ. ಅದೇ ಹಾದಿಯನ್ನು 20 ಕಿಲೋಮೀಟರಿನ ಮೂರು ತುಂಡು ಮಾಡಿದರೆ 40 ಮೀಟರಿಗೆ ಒಂದು ಬಿಂದು ಬರುತ್ತದೆ.

ಪ್ರಶ್ನೆ, ಗದಗದಿಂದ: ಸರ್ವೆ ಆಫ್ ಇಂಡಿಯಾದ ಹಳೇ ಟೊಪೊಶೀಟ್ (ಕಾಗದದ ಭೂನಕ್ಷೆ) ನೋಡಿ ಜಾಗದ ಅಂಕಿ ಹಾಕಿದ್ರ ಗುಡಿ ಒಂದು ಕಡೆ, ಗುರುತು ಒಂದು ಕಡೆ.

ಉತ್ತರ: ಎರಡು ಬೇರೆ ಬೇರೆ ತಪ್ಪು ಇರಬಹುದು. ಗುರುತು ಎಷ್ಟು ದೂರ ಸರಿದಿದೆ ಎನ್ನುವುದರಿಂದ ಯಾವುದೆಂದು ತಿಳಿಯುತ್ತದೆ.

ಹತ್ತಾರು ಕಿಲೋಮೀಟರ್ ಸರಿದಿದ್ದರೆ ಅಂಕಿ ಬರೆಯುವ ರೀತಿಯ ತಪ್ಪು. ಗದಗದ ಅಕ್ಷಾಂಶ ಸುಮಾರು 15.43 ಡಿಗ್ರಿ, ಅಂದರೆ 15 ಡಿಗ್ರಿ 25.8 ನಿಮಿಷ. ರೇಖಾಂಶ 75.63 ಡಿಗ್ರಿ, ಅಂದರೆ 75 ಡಿಗ್ರಿ 37.8 ನಿಮಿಷ. ನಿಮಿಷದ ಅಂಕಿಯನ್ನೇ ದಶಮಾಂಶದಂತೆ 15.258, 75.378 ಎಂದು ಹಾಕಿದರೆ ಗುರುತು 19 ಕಿಲೋಮೀಟರ್ ತೆಂಕಣಕ್ಕೂ 27 ಕಿಲೋಮೀಟರ್ ಪಡುವಣಕ್ಕೂ ಹೋಗಿ ಬೀಳುತ್ತದೆ. ಯಂತ್ರದಲ್ಲೂ ಬೇಸ್‌ಕ್ಯಾಂಪ್‌ನಲ್ಲೂ ಪೊಸಿಷನ್ ಫಾರ್ಮ್ಯಾಟ್ ಒಂದೇ ಇಡಿರಿ.

ನೂರು ಮೀಟರಿನ ಆಸುಪಾಸು ಸರಿದಿದ್ದರೆ ಅದು ಡೇಟಮ್ (ಅಕ್ಷಾಂಶ-ರೇಖಾಂಶಕ್ಕೆ ಆಧಾರವಾಗಿ ಇಟ್ಟುಕೊಂಡ ಭೂಮಿಯ ಆಕಾರದ ಲೆಕ್ಕ) ವ್ಯತ್ಯಾಸ. ಹಳೆಯ ಶೀಟುಗಳು ಎವರೆಸ್ಟ್ ಲೆಕ್ಕದವು, ಜಿಪಿಎಸ್ ಮತ್ತು ಈಗಿನ ನಕ್ಷೆಗಳು ಡಬ್ಲ್ಯೂಜಿಎಸ್84. ಗದಗ ಪಟ್ಟಣ ಹಳೆಯ ಲೆಕ್ಕದಲ್ಲಿ 48 ಎಂ/11 ಶೀಟಿನಲ್ಲಿ ಬರುತ್ತದೆ, ಹುಬ್ಬಳ್ಳಿ 48 ಎಂ/3ರಲ್ಲಿ. ಶೀಟಿನಲ್ಲೂ ಉಪಗ್ರಹ ಚಿತ್ರದಲ್ಲೂ ಖಚಿತವಾಗಿ ಕಾಣುವ ಒಂದು ರೈಲ್ವೆ ಗೇಟು ಇಲ್ಲವೆ ಸೇತುವೆ ಹುಡುಕಿ, ಎರಡರ ಅಂಕಿ ಕಳೆಯಿರಿ. ಆ ವ್ಯತ್ಯಾಸವನ್ನೇ ಆ ಶೀಟಿನ ಉಳಿದ ಜಾಗಗಳಿಗೂ ಸೇರಿಸಿದರೆ ಚಾರಣಕ್ಕೆ ಸಾಕಾಗುವಷ್ಟು ಕೂಡುತ್ತದೆ. 2005ರ ರಾಷ್ಟ್ರೀಯ ನಕ್ಷೆ ನೀತಿಯ ನಂತರದ ಓಪನ್ ಸೀರೀಸ್ ನಕ್ಷೆಗಳು ಡಬ್ಲ್ಯೂಜಿಎಸ್84ರಲ್ಲೇ ಇವೆ, ಅವಕ್ಕೆ ಈ ಕಳೆಯುವ ಕೆಲಸ ಬೇಡ. ಅವನ್ನೂ ಓಎಸ್‌ಎಂ ಅನ್ನುತ್ತಾರೆ, ಓಪನ್‌ಸ್ಟ್ರೀಟ್‌ಮ್ಯಾಪನ್ನೂ ಓಎಸ್‌ಎಂ ಅನ್ನುತ್ತಾರೆ. ಎರಡೂ ಬೇರೆ.

ಪ್ರಶ್ನೆ, ಧಾರವಾಡದಿಂದ: ಲಿನಕ್ಸ್ ಇದ್ದವ್ರು ಏನ್ ಮಾಡ್ಬೇಕ್ರಿ?

ಉತ್ತರ: ಕ್ಯೂಮ್ಯಾಪ್‌ಶ್ಯಾಕ್ ಹಾಕಿಕೊಳ್ಳಿರಿ, ಪುಕ್ಕಟೆ. ಗಾರ್ಮಿನ್‌ನ ಐಎಂಜಿ ನಕ್ಷೆಯನ್ನು ನೇರವಾಗಿ ಓದುತ್ತದೆ. ದುಡ್ಡು ಕೊಟ್ಟು ಕೊಂಡ, ಬೀಗ ಹಾಕಿದ ನಕ್ಷೆ ಮಾತ್ರ ಅದರಲ್ಲಿ ತೆರೆಯುವುದಿಲ್ಲ.

ಮೊದಲ ಪ್ರಶ್ನೆ ಕೇಳಿದವರು: ಸರ, ಕಾರ್ಡ್ ರೀಡರ್ ಹಾಕಿದ ಕೂಡ್ಲೆ ನಕ್ಷೆ ಬಂತ್ರಿ. ಟ್ರ್ಯಾಕೂ ಆತು. ಆದ್ರ ಕಪ್ಪತಗುಡ್ಡದ ಏರು ಎಷ್ಟಂತ ನೋಡಾಕ ಹೋದ್ರ ಎತ್ತರದ ಗೆರಿ ಚಪ್ಪಟೆ ಐತಿ.

ಉತ್ತರ: ನಿಮ್ಮ ನಕ್ಷೆಯೊಳಗೆ ಎತ್ತರದ ಮಾಹಿತಿ ಸೇರಿಸಿಲ್ಲ. ಟ್ರ್ಯಾಕನ್ನು ಜಿಪಿಎಕ್ಸ್ ಎಂಬ ರೂಪದ ಫೈಲ್ ಆಗಿ ಉಳಿಸಿ ಗೂಗಲ್ ಅರ್ಥ್ ಪ್ರೊದಲ್ಲಿ ತೆರೆಯಿರಿ. ತೆರೆಯುವಾಗ ಎತ್ತರವನ್ನು ನೆಲಕ್ಕೆ ಹೊಂದಿಸುವ ಆಯ್ಕೆಗೆ ಗುರುತು ಹಾಕಿ, ಆಮೇಲೆ ಗೆರೆಯ ಮೇಲೆ ಬಲಗುಂಡಿ ಒತ್ತಿ ಶೋ ಎಲಿವೇಶನ್ ಪ್ರೊಫೈಲ್ ಆರಿಸಿರಿ. ಕೆಳಗೆ ಬರುವ ಗೆರೆಯ ಮೇಲೆ ಬಾಣ ಸರಿಸಿದಂತೆ ಆ ಜಾಗದ ಎತ್ತರ ಮತ್ತು ಏರಿನ ಶೇಕಡಾ ಕಾಣುತ್ತದೆ. ಡೋಣಿ ಕಡೆಯಿಂದ ಏರುವುದಕ್ಕೂ ಇನ್ನೊಂದು ಕಡೆಯಿಂದ ಏರುವುದಕ್ಕೂ ಎರಡು ಟ್ರ್ಯಾಕ್ ಮಾಡಿ ಹೋಲಿಸಿರಿ.

ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ. ನಕ್ಷೆಯಲ್ಲಿ ಕಾಲುದಾರಿ ಕಂಡಿತೆಂದು ಹೊಗಬಾರದು, ಅರಣ್ಯ ಇಲಾಖೆಯ ಅನುಮತಿ ತಗೊಂಡು ಅವರು ಹೇಳಿದ ಹಾದಿಯ ಮೇಲೆ ಟ್ರ್ಯಾಕ್ ಎಳೆಯಿರಿ. ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬರುವುದು ಚಳಿಗಾಲದಲ್ಲಿ. ಟ್ರ್ಯಾಕಿನ ಕೊನೆ ಬಿಂದುವನ್ನು ನೀರಿನ ಅಂಚಿಗೆ ಇಡದೆ ರಸ್ತೆಯಲ್ಲೇ ನಿಲ್ಲಿಸಿರಿ, ಹಕ್ಕಿ ಏಳುವುದಿಲ್ಲ.

ಇನ್ನೊಂದು ಮಾತು ಎತ್ತರದ ಬಗ್ಗೆ. ಇಂಥ ಪುಕ್ಕಟೆ ಎತ್ತರದ ಮಾಹಿತಿಯ ದೊಡ್ಡ ಪಾಲು 2000ದ ಫೆಬ್ರುವರಿಯಲ್ಲಿ ನಾಸಾದ ಶಟಲ್ ಬಾಹ್ಯಾಕಾಶ ನೌಕೆಯ ರೇಡಾರ್‌ನಿಂದ ಅಳೆದದ್ದು. ಅದರ ಸೂಕ್ಷ್ಮ ಆವೃತ್ತಿಯಲ್ಲೂ ಸುಮಾರು 30 ಮೀಟರಿಗೆ ಒಂದು ಅಳತೆ. ಆರು ಮೀಟರ್ ಅಗಲದ ಹಳ್ಳ ಅದರಲ್ಲಿ ಬೀಳುವುದೇ ಇಲ್ಲ, ಗೆರೆ ಸಪಾಟಾಗಿ ಹೋಗುತ್ತದೆ. ಹಳ್ಳ ದಾಟುವ ಜಾಗಗಳನ್ನು ಉಪಗ್ರಹ ಚಿತ್ರದಲ್ಲಿ ಹುಡುಕಿ, ಒಂದೊಂದಕ್ಕೂ ವೇಪಾಯಿಂಟ್ ಇಟ್ಟು, ಸೇತುವೆ ಇದೆಯೋ ಇಲ್ಲವೋ ಎಂದು ಹೆಸರಿನಲ್ಲೇ ಬರೆಯಿರಿ.